ದಿನದ ಧಮ್ಮ ಚಿಂತನೆ: ಇಳಿಸಿದ ತೂಕ ಮತ್ತು ಕಾಯುವ ಪ್ರಯತ್ನ

 



ಕಳೆದ ಭಾನುವಾರ ಅಧ್ಯಯನ ಮುಗಿದ ಮೇಲೆ ಒಬ್ಬ ಉಪಾಸಿಕೆ ಒಂದು ಪ್ರಶ್ನೆ ಕೇಳಿದರು. ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿದೆ ಎಂದು ಡಾಕ್ಟರು ಎಚ್ಚರಿಸಿದ ಮೇಲೆ ಅವರು ಎಂಟು ತಿಂಗಳು ಕಷ್ಟಪಟ್ಟು 12 ಕೆಜಿ ಇಳಿಸಿದ್ದರು. ಆಮೇಲಿನ ಆರು ತಿಂಗಳಲ್ಲಿ 5 ಕೆಜಿ ವಾಪಸ್ ಬಂದಿದೆ. "ಮೇಷ್ಟ್ರೇ, ದಿನಾ ಪಂಚಶೀಲ ಹೇಳ್ತೀನಿ. ಆದ್ರೂ ನಾಲಿಗೆ ಹಿಡಿಯೋಕಾಗ್ತಿಲ್ಲ. ನನ್ನ ಶೀಲದಲ್ಲೇ ಏನೋ ಕೊರತೆ ಇರ್ಬೇಕಲ್ವಾ?" ಎಂದರು.

ಇಲ್ಲ ಅಂತ ಅಲ್ಲೇ ಹೇಳಿದೆ. ಆದರೆ ಈ ಪ್ರಶ್ನೆ ಅವರೊಬ್ಬರದಲ್ಲ. ನಮ್ಮಲ್ಲಿ ಬಿ.ಪಿ., ಶುಗರ್, ಮಂಡಿನೋವು ಇರುವ ಮನೆಗಳು ಬಹಳ. ತೂಕ ಇಳಿಸಿದವರೂ ಇದ್ದಾರೆ, ಇಳಿಸಿದ್ದನ್ನು ಮತ್ತೆ ಏರಿಸಿಕೊಂಡು ಬೇಸರಪಟ್ಟವರು ಇನ್ನೂ ಹೆಚ್ಚು. ಹಾಗಾಗಿ ಇಂದಿನ ಚಿಂತನೆ ಇದರ ಬಗ್ಗೆಯೇ ಇರಲಿ.

*ಅಕ್ಕಪಕ್ಕದ ಎರಡು ಕಥೆಗಳು*

ಧಮ್ಮಪದದ ಸುಖವಗ್ಗದಲ್ಲಿ 203 ಮತ್ತು 204ನೆಯ ಗಾಥೆಗಳು ಅಕ್ಕಪಕ್ಕ ಇವೆ. ಎರಡರ ಹಿಂದೆಯೂ ಅಟ್ಠಕಥೆ ಒಂದೊಂದು ಕಥೆ ಹೇಳುತ್ತದೆ.

ಮೊದಲನೆಯದು ಆಳವಿಯ ಬಡ ರೈತನದು. ಬುದ್ಧರು ಆ ಊರಿಗೆ ಬಂದ ದಿನವೇ ಅವನ ಎತ್ತು ತಪ್ಪಿಸಿಕೊಂಡಿತು. ಹುಡುಕಿ, ಹಿಡಿದು ಕಟ್ಟಿ, ಹಸಿದ ಹೊಟ್ಟೆಯಲ್ಲೇ ಉಪದೇಶ ಕೇಳಲು ಓಡಿ ಬಂದ. ಬುದ್ಧರು ಅವನು ಬರುವವರೆಗೂ ಮಾತಾಡದೆ ಕಾದರು. ಬಂದ ಮೇಲೆ ಮೊದಲು ಅವನಿಗೆ ಊಟ ಹಾಕಿಸಿದರು, ಆಮೇಲೆ ಧಮ್ಮ ಹೇಳಿದರು. ಹಸಿವೇ ದೊಡ್ಡ ರೋಗ ಎಂಬುದು ಆ ಗಾಥೆಯ ಅರ್ಥ.

ಎರಡನೆಯದು ಕೋಸಲದ ದೊರೆ ಪಸೇನದಿಯದು. ಇದೇ ಕಥೆ ಸಂಯುತ್ತ ನಿಕಾಯದಲ್ಲೂ ಇದೆ. ದೊರೆ ಒಂದು ಹೊತ್ತಿಗೆ ಒಂದು ದ್ರೋಣ ಅಕ್ಕಿಯ ಅನ್ನ ಉಣ್ಣುತ್ತಿದ್ದ. ದ್ರೋಣ ಎಂದರೆ ಆ ಕಾಲದ ದೊಡ್ಡ ಅಳತೆ. ಉಂಡು ಏದುಸಿರು ಬಿಡುತ್ತ ಬುದ್ಧರ ಬಳಿ ಬಂದು ಕುಳಿತ. ಬುದ್ಧರು ಅವನನ್ನು ಬೈಯಲಿಲ್ಲ, ಹಂಗಿಸಲಿಲ್ಲ, ಉಪವಾಸ ಮಾಡು ಎನ್ನಲೂ ಇಲ್ಲ. ಎಚ್ಚರದಿಂದ ಮಿತಿ ಅರಿತು ಉಣ್ಣುವವನಿಗೆ ನೋವು ಕಡಿಮೆ, ಆಯಸ್ಸು ಸುಗಮ ಎಂಬ ಅರ್ಥದ ಒಂದು ಗಾಥೆ ಹೇಳಿದರು ಅಷ್ಟೆ.

ಒಂದೇ ಧಮ್ಮ ಹಸಿದವನಿಗೆ ಅನ್ನ ಕೊಟ್ಟಿತು, ಹೆಚ್ಚು ಉಂಡವನಿಗೆ ಅಳತೆ ಕೊಟ್ಟಿತು. ನಮ್ಮ ದೇಶಕ್ಕೆ ಇಂದಿಗೂ ಎರಡೂ ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ ಸುಮಾರು 24 ಮಂದಿಯ ತೂಕ ಮಿತಿಗಿಂತ ಹೆಚ್ಚು, ಸುಮಾರು 19 ಮಂದಿಯ ತೂಕ ಇರಬೇಕಾದ್ದಕ್ಕಿಂತ ಕಡಿಮೆ, 57 ಮಂದಿಗೆ ರಕ್ತಹೀನತೆ. ಆದ್ದರಿಂದ ಈ ಲೇಖನ ಎಲ್ಲರೂ ಸಣ್ಣಗಾಗಿ ಎಂದು ಹೇಳುತ್ತಿಲ್ಲ. ಆರೋಗ್ಯಕ್ಕಾಗಿ ತೂಕ ಇಳಿಸಬೇಕಾಗಿ ಬಂದು, ಇಳಿಸಿದವರಿಗಾಗಿ ಇದು.

*ದೊರೆಯ ಕಥೆಯ ಉಳಿದರ್ಧ*

ಪಸೇನದಿ ಗಾಥೆ ಕೇಳಿ ತಲೆದೂಗಿ ಮನೆಗೆ ಹೋಗಿದ್ದರೆ ಮರುದಿನ ಮತ್ತೆ ಒಂದು ದ್ರೋಣವೇ ಆಗುತ್ತಿತ್ತು. ಅವನು ಹಾಗೆ ಮಾಡಲಿಲ್ಲ. ಹಿಂದೆ ನಿಂತಿದ್ದ ಸುದಸ್ಸನ ಎಂಬ ಯುವಕನಿಗೆ ಆ ಗಾಥೆ ಕಲಿಯಲು ಹೇಳಿದ. ತಾನು ಊಟಕ್ಕೆ ಕುಳಿತಾಗಲೆಲ್ಲ ಅದನ್ನು ಹೇಳಬೇಕು, ಅದಕ್ಕೆ ದಿನಕ್ಕೆ ನೂರು ಕಹಾಪಣ ಸಂಬಳ ಎಂದು ನಿಗದಿ ಮಾಡಿದ. ಅಟ್ಠಕಥೆ ಇನ್ನೂ ಒಂದು ವಿವರ ಕೊಡುತ್ತದೆ: ಗಾಥೆ ಕೇಳಿದ ಕೂಡಲೇ ದೊರೆ ಕೊನೆಯ ತುತ್ತು ಬಿಡಬೇಕು. ಆ ತುತ್ತಿನಲ್ಲಿ ಎಷ್ಟು ಅಗುಳು ಇದ್ದವೋ ಅಷ್ಟು ಅಕ್ಕಿಯನ್ನು ಮರುದಿನದ ಅಡುಗೆಯಲ್ಲಿ ಕಡಿಮೆ ಮಾಡಬೇಕು.

ಒಂದು ತುತ್ತು. ಅಷ್ಟೇ. ಹೀಗೆ ಇಳಿಯುತ್ತ ಇಳಿಯುತ್ತ ದ್ರೋಣದಿಂದ ಒಂದು ನಾಳಿಗೆ ಬಂದ. ನಾಳಿ ಅದಕ್ಕಿಂತ ಹಲವು ಪಟ್ಟು ಚಿಕ್ಕ ಅಳತೆ. ಇಲ್ಲಿ ಸುತ್ತದ ಒಂದು ಮಾತನ್ನು ಗಮನಿಸಬೇಕು. ದೊರೆ ನಾಳಿಗೆ ಇಳಿದ ಎಂದಷ್ಟೇ ಅದು ಹೇಳುವುದಿಲ್ಲ, ಅದನ್ನೇ ಮಿತಿಯಾಗಿಟ್ಟುಕೊಂಡು ಅಲ್ಲಿ ನೆಲೆನಿಂತ ಎನ್ನುತ್ತದೆ. ಮೈ ಹಗುರಾದ ಮೇಲೆ ದೊರೆ ತನ್ನ ಕೈಕಾಲು ಸವರಿಕೊಂಡು, ಬುದ್ಧರು ನನಗೆ ಇಹಕ್ಕೂ ಮುಂದಕ್ಕೂ ಒಳಿತು ಮಾಡಿದರು ಎಂದು ಸಂತೋಷಪಟ್ಟನಂತೆ. 'ಮುಂದಕ್ಕೆ' ಎಂಬುದನ್ನು ನಾನು ಇನ್ನೊಂದು ಜನ್ಮ ಎಂದು ಓದುವುದಿಲ್ಲ. ಅರವತ್ತರಲ್ಲಿ ನನ್ನ ಮಂಡಿ, ನನ್ನ ಕಣ್ಣು, ನನ್ನ ಮೂತ್ರಪಿಂಡ ಎಂದು ಓದುತ್ತೇನೆ.

*ನಾಲ್ಕನೆಯ ಪ್ರಯತ್ನ*

22 ಪ್ರತಿಜ್ಞೆಗಳಲ್ಲಿ ಹನ್ನೊಂದನೆಯದು ಅಷ್ಟಾಂಗ ಮಾರ್ಗವನ್ನು ಅನುಸರಿಸುತ್ತೇನೆ ಎಂಬುದು. ಅದರ ಒಂದು ಅಂಗ ಸಮ್ಮಾ ವಾಯಾಮೋ, ಸರಿಯಾದ ಪ್ರಯತ್ನ. ಇದು ನಾಲ್ಕು ಬಗೆ.

1. ಸಂವರ: ಇನ್ನೂ ಬಾರದ ಕೆಡುಕನ್ನು ಬರದಂತೆ ತಡೆಯುವುದು.
2. ಪಹಾನ: ಬಂದಿರುವ ಕೆಡುಕನ್ನು ಬಿಡುವುದು.
3. ಭಾವನಾ: ಇನ್ನೂ ಇಲ್ಲದ ಒಳಿತನ್ನು ಬೆಳೆಸುವುದು.
4. ಅನುರಕ್ಖಣಾ: ಬೆಳೆದ ಒಳಿತನ್ನು ಕಾಯುವುದು, ಜಾರದಂತೆ ನೋಡಿಕೊಳ್ಳುವುದು.

ತೂಕ ಇಳಿಸುವುದು ಎರಡನೆಯ ಮತ್ತು ಮೂರನೆಯ ಪ್ರಯತ್ನ. ಇಳಿದದ್ದನ್ನು ಉಳಿಸಿಕೊಳ್ಳುವುದು ನಾಲ್ಕನೆಯದು. ಬುದ್ಧರು ಅದನ್ನು ಬೇರೆಯಾಗಿಯೇ ಎಣಿಸಿದ್ದಾರೆ. ಹಿಂದಿನ ಮೂರು ಆದರೆ ಇದು ತಾನಾಗಿಯೇ ಆಗುತ್ತದೆ ಎಂದು ಬಿಟ್ಟಿಲ್ಲ. ಶಾಲೆಯಲ್ಲಿ ನಾನು ಇದನ್ನು ಪ್ರತಿ ವರ್ಷ ನೋಡುತ್ತೇನೆ. ಮಾರ್ಚಿನಲ್ಲಿ ಸಲೀಸಾಗಿ ಓದುತ್ತಿದ್ದ ಮಗು ಬೇಸಿಗೆ ರಜೆ ಮುಗಿಸಿ ಬಂದಾಗ ಒತ್ತಕ್ಷರದಲ್ಲಿ ತಡವರಿಸುತ್ತದೆ. ಮಗು ದಡ್ಡ ಅಲ್ಲ, ಎರಡು ತಿಂಗಳು ಪುಸ್ತಕ ಮುಟ್ಟಿಲ್ಲ ಅಷ್ಟೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ಒಂದು ದಿನದಲ್ಲಿ ಆಯಿತು. ಬೌದ್ಧರಾಗಿ ಬಾಳುವುದು ಇವತ್ತಿಗೂ ದಿನದಿನದ ಕೆಲಸ.

*ದೇಹ ಯಾಕೆ ಹಿಂದಕ್ಕೆ ಎಳೆಯುತ್ತದೆ?*

ಕಾರಣವಿಲ್ಲದೆ ಯಾವುದೂ ಹುಟ್ಟುವುದಿಲ್ಲ ಎಂಬುದು ಪಟಿಚ್ಚ ಸಮುಪ್ಪಾದ. ಮರಳಿ ಬಂದ ತೂಕಕ್ಕೂ ಕಾರಣ ಹುಡುಕೋಣ.

ತೂಕ ಇಳಿದಾಗ ದೇಹಕ್ಕೆ ಅದು ಸಾಧನೆ ಎಂದು ಗೊತ್ತಾಗುವುದಿಲ್ಲ, ಬರಗಾಲ ಬಂದಿದೆ ಎಂದೇ ತಿಳಿಯುತ್ತದೆ. ಕೊಬ್ಬು ಕಡಿಮೆಯಾದರೆ ಲೆಪ್ಟಿನ್ ಎಂಬ ಹಾರ್ಮೋನು ಇಳಿಯುತ್ತದೆ. ಹೊಟ್ಟೆ ತುಂಬಿದೆ, ಸಂಗ್ರಹ ಸಾಕಷ್ಟಿದೆ ಎಂದು ಮಿದುಳಿಗೆ ತಿಳಿಸುವುದು ಅದು. ಹಸಿವು ಎಬ್ಬಿಸುವ ಗ್ರೆಲಿನ್ ಏರುತ್ತದೆ. ಜೊತೆಗೆ ದೇಹ ತನ್ನ ಖರ್ಚನ್ನೂ ಬಿಗಿ ಮಾಡುತ್ತದೆ. ಚಿಕ್ಕ ದೇಹಕ್ಕೆ ಹೇಗೂ ಕಡಿಮೆ ಆಹಾರ ಸಾಕು. ತೂಕ ಇಳಿಸಿದ ದೇಹ ಆ ಲೆಕ್ಕಕ್ಕಿಂತಲೂ ಕಡಿಮೆ ಖರ್ಚು ಮಾಡುತ್ತದೆ. 2011ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಹತ್ತು ವಾರದ ಕಟ್ಟುನಿಟ್ಟಿನ ಪಥ್ಯದಲ್ಲಿ ತೂಕ ಇಳಿಸಿದವರನ್ನು ಪರೀಕ್ಷಿಸಿದಾಗ, ಒಂದು ವರ್ಷ ಕಳೆದರೂ ಹಸಿವಿನ ಹಾರ್ಮೋನುಗಳು ಮೊದಲಿನ ಸ್ಥಿತಿಗೆ ಬಂದಿರಲಿಲ್ಲ.

ಆ ಉಪಾಸಿಕೆಗೆ ನಾನು ಇಲ್ಲ ಎಂದದ್ದು ಇದಕ್ಕೇ. ಅವರಿಗೆ ಹೆಚ್ಚು ಹಸಿವಾಗುತ್ತಿರುವುದು ನಿಜವಾದ ಹಸಿವು. ಅದು ಪಾಪವಲ್ಲ, ಶೀಲಭಂಗವಲ್ಲ, ಕರ್ಮಫಲವೂ ಅಲ್ಲ. ಕಾರಣ ತಿಳಿದರೆ ನಾಚಿಕೆ ಹೋಗುತ್ತದೆ. ನಾಚಿಕೆ ಹೋದರೆ ಕೆಲಸ ಶುರುವಾಗುತ್ತದೆ.

ಹತ್ತೇ ದಿನದಲ್ಲಿ ಇಳಿಸುತ್ತೇವೆ ಎಂದು ಪುಡಿ ಮಾರುವವರು ಈ ನಾಚಿಕೆಯನ್ನೇ ಬಂಡವಾಳ ಮಾಡಿಕೊಂಡಿದ್ದಾರೆ. ಕಾಲಾಮರಿಗೆ ಬುದ್ಧರು ಹೇಳಿದ ಹಾಗೆ, ಯಾರೋ ಹೇಳಿದರು ಎಂದು ನಂಬಬೇಡಿ. ಪುಡಿ ನಿಲ್ಲಿಸಿದ ಮೇಲೆ ಮುಂದೇನು ಎಂದು ಕೇಳಿ. ಉತ್ತರ ಇಲ್ಲದಿದ್ದರೆ ದುಡ್ಡು ಕೊಡಬೇಡಿ.

*ಉಳಿಸಿಕೊಂಡವರು ಏನು ಮಾಡುತ್ತಾರೆ?*

ಅಮೆರಿಕದಲ್ಲಿ 1994ರಿಂದ ಒಂದು ದಾಖಲೆ ಇಡುತ್ತ ಬಂದಿದ್ದಾರೆ. ಕನಿಷ್ಠ 13.6 ಕೆಜಿ ಇಳಿಸಿ ಒಂದು ವರ್ಷವಾದರೂ ಉಳಿಸಿಕೊಂಡವರು ಮಾತ್ರ ಅದರಲ್ಲಿ ಸೇರಬಹುದು. ಅವರು ಇಳಿಸಿದ ದಾರಿಗಳು ಬೇರೆ ಬೇರೆ, ಉಳಿಸಿಕೊಂಡ ಅಭ್ಯಾಸಗಳು ಮಾತ್ರ ಬಹುಪಾಲು ಒಂದೇ. ಹೆಚ್ಚಿನವರು ಬೆಳಗಿನ ತಿಂಡಿ ಬಿಡುವುದಿಲ್ಲ. ವಾರಕ್ಕೊಮ್ಮೆಯಾದರೂ ತೂಕ ನೋಡುತ್ತಾರೆ. ದಿನಕ್ಕೆ ಸರಾಸರಿ ಒಂದು ಗಂಟೆ ಮೈ ದಣಿಸುತ್ತಾರೆ, ಹೆಚ್ಚಾಗಿ ನಡಿಗೆ. ಟಿ.ವಿ. ಮುಂದೆ ಕೂರುವುದು ಕಡಿಮೆ. ವಾರದ ದಿನಕ್ಕೊಂದು ಊಟ, ಭಾನುವಾರಕ್ಕೊಂದು ಊಟ ಎಂದು ಬೇರೆ ಮಾಡಿಕೊಳ್ಳದವರೇ ಹೆಚ್ಚು ಯಶಸ್ವಿಗಳು. ಎರಡು ವರ್ಷ ದಾಟಿದವರಿಗೆ ಮುಂದಿನ ದಾರಿ ಸುಲಭವಾಗುತ್ತ ಹೋಗುತ್ತದೆ ಎಂಬುದೂ ಅಲ್ಲಿ ಕಂಡ ಒಳ್ಳೆಯ ಸುದ್ದಿ.

ನಮ್ಮ ಮನೆಗಳಿಗೆ ಇದನ್ನು ಹೀಗೆ ಹೊಂದಿಸಿಕೊಳ್ಳಬಹುದು.

*ಅಳತೆ:* ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ಹೊಟ್ಟೆ ಖಾಲಿ ಇರುವಾಗ ತೂಕ ನೋಡಿ ಕ್ಯಾಲೆಂಡರ್ ಮೇಲೆ ಬರೆಯಿರಿ. ನೀರಿನಿಂದಲೇ ಒಂದು ಕೆಜಿ ಅತ್ತಿತ್ತ ಆಗುತ್ತದೆ, ಗಾಬರಿ ಬೇಡ. ನಿಮ್ಮ ಗುರಿಗಿಂತ 2 ಕೆಜಿ ಮೇಲೆ ಒಂದು ಗೆರೆ ಎಳೆದುಕೊಳ್ಳಿ. ಗೆರೆ ದಾಟಿದ ವಾರವೇ ಅನ್ನದ ಅಳತೆ, ಸಂಜೆಯ ಬೋಂಡ, ಕಾಫಿಯ ಸಕ್ಕರೆ ನೋಡಿಕೊಳ್ಳಿ. 2 ಕೆಜಿ ಇಳಿಸುವುದು ಸುಲಭ, 12 ಕೆಜಿ ಮತ್ತೆ ಇಳಿಸುವುದು ಕಷ್ಟ.

*ತಟ್ಟೆ:* ಮುದ್ದೆಯಾಗಲಿ, ಅನ್ನವಾಗಲಿ, ರೊಟ್ಟಿಯಾಗಲಿ, ಒಂದೇ ಸಲ ಬಡಿಸಿಕೊಳ್ಳಿ. ಸೊಪ್ಪು, ಹುರುಳಿ, ಹೆಸರುಕಾಳು, ಮೊಟ್ಟೆ, ಮೀನು ಧಾರಾಳವಾಗಿರಲಿ. ಕಾಳು ಮತ್ತು ಮಾಂಸದ ಪ್ರೋಟೀನು ಹಸಿವನ್ನು ಹೆಚ್ಚು ಹೊತ್ತು ತಡೆಯುತ್ತದೆ, ಸ್ನಾಯುವನ್ನೂ ಉಳಿಸುತ್ತದೆ. ನಮ್ಮ ಊಟದ ಬಗ್ಗೆ ಯಾರಿಂದಲೂ ನಾಚಿಕೆ ಕಲಿಯಬೇಕಾಗಿಲ್ಲ. ಕಡಿಮೆ ಮಾಡಬೇಕಾದ್ದು ಎಣ್ಣೆ, ಸಕ್ಕರೆ ಮತ್ತು ಅಳತೆ. ಸಾರಿಪುತ್ತರು ಹೊಟ್ಟೆಯಲ್ಲಿ ನಾಲ್ಕೈದು ತುತ್ತಿನ ಜಾಗ ಇರುವಾಗಲೇ ನಿಲ್ಲಿಸಿ ನೀರು ಕುಡಿಯುವವರ ಬಗ್ಗೆ ಹೇಳಿದ್ದಾರೆ. ಮತ್ತಞ್ಞುತಾ ಅಂದರೆ ಇದೇ, ಮಿತಿ ಅರಿಯುವುದು.

*ಸುದಸ್ಸನ:* ದೊರೆ ಕೂಡ ತನ್ನ ಮನೋಬಲವೊಂದನ್ನೇ ನಂಬಲಿಲ್ಲ, ನೆನಪಿಸುವವನನ್ನು ನೇಮಿಸಿಕೊಂಡ. ನಮಗೆ ನೂರು ಕಹಾಪಣ ಕೊಡುವ ಶಕ್ತಿ ಇಲ್ಲದಿರಬಹುದು, ಸಂಘ ಇದೆ. ಮನೆಯಲ್ಲೊಬ್ಬರು, ಬಳಗದಲ್ಲೊಬ್ಬರು ಸಾಕು. ಆದರೆ ಒಂದು ನಿಯಮ: ಸುದಸ್ಸನ ಗಾಥೆ ಹೇಳಿದ, ಅಣಕಿಸಲಿಲ್ಲ. "ಮತ್ತೆ ದಪ್ಪ ಆದ್ರಲ್ಲಾ" ಎನ್ನುವವರು ಸುದಸ್ಸನರಲ್ಲ.

*ಬೇಡ ಎನ್ನುವ ಮಾತು*

ನಮ್ಮಲ್ಲಿ ಒಂದು ವಿಶೇಷ ಕಷ್ಟವಿದೆ. ಹಸಿವು ಕಂಡ ಅಜ್ಜಿ-ಅಮ್ಮಂದಿರಿಗೆ ಮೈ ತುಂಬಿಕೊಂಡಿರುವುದೇ ನೆಮ್ಮದಿಯ ಗುರುತು, ಸಣ್ಣಗಾದರೆ ಬಡತನ ಮರಳಿತೆಂಬ ಭಯ. ಇನ್ನೊಂದು ಅದಕ್ಕಿಂತ ಆಳದ್ದು. ನಮ್ಮ ಮನೆಯಲ್ಲಿ ನೀರು ಕುಡಿಯದೆ ಹೋದವರನ್ನು ಅವರು ಕಂಡಿದ್ದಾರೆ. ಅವರ ಕಿವಿಗೆ "ಬೇಡ" ಎಂಬ ಮಾತು ಬರೀ ಅನ್ನ ಬೇಡ ಎಂದು ಕೇಳಿಸುವುದಿಲ್ಲ, ನೀವು ಬೇಡ ಎಂದೂ ಕೇಳಿಸುತ್ತದೆ.

ಆದ್ದರಿಂದ ನಂಟರ ಮನೆಯಲ್ಲಿ, ಜಯಂತಿಯ ಊಟದಲ್ಲಿ, ತಟ್ಟೆಯನ್ನೇ ಬೇಡ ಎನ್ನಬೇಡಿ. ಮೊದಲ ಪಂಕ್ತಿಯಲ್ಲೇ ಜೊತೆಗೆ ಕುಳಿತುಕೊಳ್ಳಿ. ಬಡಿಸುವ ಮುಂಚೆಯೇ "ಸ್ವಲ್ಪ ಹಾಕವ್ವ, ಎಲ್ಲದರ ರುಚಿ ನೋಡ್ತೀನಿ" ಎನ್ನಿ. ನಿಧಾನವಾಗಿ ಉಣ್ಣಿ, ಚೆನ್ನಾಗಿದೆ ಎಂದು ಬಾಯಿ ತುಂಬ ಹೇಳಿ. ಎರಡನೆಯ ಸಲ ಬಂದಾಗ ತಟ್ಟೆಯ ಮೇಲೆ ಕೈ ಅಡ್ಡ ಇಟ್ಟು ಒಂದು ಮಾತು ನಗುತ್ತ ಆಡಿ. ಪ್ರೀತಿಯೂ ಉಳಿಯುತ್ತದೆ, ಮಿತಿಯೂ ಉಳಿಯುತ್ತದೆ.

*ಮಧ್ಯಮ ಮಾರ್ಗ ಬಿಡಬೇಡಿ*

ಒಂದು ದಿನ ಹೆಚ್ಚು ಉಂಡರೆ ಮರುದಿನ ಉಪವಾಸದ ಶಿಕ್ಷೆ ಬೇಡ. ದೇಹವನ್ನು ದಂಡಿಸುವ ದಾರಿಯನ್ನು ಸಿದ್ಧಾರ್ಥರು ಪೂರ್ತಿ ನಡೆದು ನೋಡಿ, ಅದು ಎಲ್ಲಿಗೂ ಮುಟ್ಟಿಸುವುದಿಲ್ಲ ಎಂದು ಬಿಟ್ಟವರು. ಸೋಣ ಭಿಕ್ಖುವಿಗೆ ಅವರು ವೀಣೆಯ ತಂತಿಯ ಉದಾಹರಣೆ ಕೊಟ್ಟರು: ಬಿಗಿ ಹೆಚ್ಚಾದರೂ, ಸಡಿಲ ಹೆಚ್ಚಾದರೂ ನಾದ ಬರುವುದಿಲ್ಲ. ಶ್ರುತಿ ಮಾಡಿದ ತಂತಿ ಕೂಡ ಹಾಗೇ ಇರುವುದಿಲ್ಲ, ಆಗಾಗ ನೋಡಿ ತಿರುಗಿಸಬೇಕು.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಕಡಿಮೆ ಮಾಡಬಾರದು, ಸಕ್ಕರೆ ದಿಢೀರನೆ ಇಳಿಯಬಹುದು. ಬಸುರಿ, ಬಾಣಂತಿಯರಿಗೆ ಇದು ಅನ್ವಯಿಸುವುದಿಲ್ಲ. ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿದ್ದರೆ ಸಂತೋಷಪಡದೆ ಆಸ್ಪತ್ರೆಗೆ ಹೋಗಿ.

ಬಾಬಾಸಾಹೇಬರು ಮಧುಮೇಹದಿಂದ, ಕಾಲಿನ ನೋವಿನಿಂದ ನರಳುತ್ತಲೇ ಕೊನೆಯ ದಿನದವರೆಗೆ ಬರೆದರು. ಅವರಿಗೆ ವಿಶ್ರಾಂತಿಗೆ, ಆರೈಕೆಗೆ ಸಮಯವಿರಲಿಲ್ಲ, ನಮಗಾಗಿ ದುಡಿದರು. ಅವರ ದುಡಿಮೆಯಿಂದ ನಮಗೆ ಅನ್ನ, ಅಕ್ಷರ, ಆಸ್ಪತ್ರೆ ಸಿಕ್ಕಿವೆ. ಸಿಕ್ಕ ದೇಹವನ್ನು ಚಳವಳಿಗೆ, ಮಕ್ಕಳಿಗೆ ಬಹುಕಾಲ ಉಳಿಸಿಕೊಡುವುದು ಕೂಡ ಋಣ ತೀರಿಸುವ ಒಂದು ಬಗೆ.

*ಇಂದಿನ ಅಭ್ಯಾಸ*

ಇಂದು ರಾತ್ರಿಯ ಊಟಕ್ಕೆ ಮೊದಲು ಮೂರು ಉಸಿರು ಗಮನಿಸಿ. ಈ ಊಟ ಯಾವುದಕ್ಕಾಗಿ ಎಂದು ಕೇಳಿಕೊಳ್ಳಿ. ಒಂದು ತುತ್ತಿನ ಹಸಿವು ಇರುವಾಗಲೇ ಏಳಿ. ಆ ತುತ್ತಿನಷ್ಟು ಅಕ್ಕಿಯನ್ನು ನಾಳೆ ಕಡಿಮೆ ಅಳೆಯಿರಿ. ಈಗಾಗಲೇ ಗುರಿ ಮುಟ್ಟಿದವರು ಅಕ್ಕಿ ಅಳೆಯುವ ಪಾವನ್ನು ಬದಲಿಸಬೇಡಿ, ಅದೇ ನಿಮ್ಮ ನಾಳಿ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು.