ಭಿನ್ನ ಗಣಕಯಂತ್ರಗಳ ನಡುವಣ ದೃಶ್ಯಸಂಭಾಷಣೆ

ಚಿಂತಾಮಣಿಯ ಹಿರಿಯರಲ್ಲಿ ಅನೇಕರು ಸಣ್ಣ ಹಳಿಯ ರೈಲನ್ನು ಕಂಡವರು. ಬಂಗಾರಪೇಟೆಯಿಂದ ಹೊರಟು ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟಗಳ ಮೂಲಕ ಚಿಕ್ಕಬಳ್ಳಾಪುರವನ್ನು ಸೇರುತ್ತಿದ್ದ ಆ ಮಾರ್ಗದಲ್ಲಿ ಎರಡು ಕಂಬಿಗಳ ನಡುವಣ ಅಂತರ ಎರಡೂವರೆ ಅಡಿ. ಮದರಾಸಿನಿಂದ ಬೆಂಗಳೂರಿಗೆ ಹೋಗುವ ದೊಡ್ಡ ಮಾರ್ಗದಲ್ಲಿ ಅದೇ ಅಂತರ ಐದೂವರೆ ಅಡಿ. ಬಂಗಾರಪೇಟೆಯಲ್ಲಿ ಎರಡು ಮಾರ್ಗಗಳೂ ಮಗ್ಗುಲು ಮಗ್ಗುಲಿಗೆ ಬಂದು ನಿಲ್ಲುತ್ತಿದ್ದರೂ ಒಂದರ ಗಾಡಿ ಮತ್ತೊಂದರ ಮೇಲೆ ಒಂದು ಗಜವೂ ಉರುಳುವಂತಿರಲಿಲ್ಲ. ಒಂದರಿಂದ ಮೂಟೆಯನ್ನು ಇಳಿಸಬೇಕು, ಹೊರಬೇಕು, ಮತ್ತೊಂದಕ್ಕೆ ಏರಿಸಬೇಕು. ಕಬ್ಬಿಣ ಒಂದೇ, ಉಗಿ ಒಂದೇ, ಸರಕೂ ಒಂದೇ; ಕೂಡದೆ ಇದ್ದದ್ದು ಅಳತೆಯೊಂದೇ. ಈ ಮಾರ್ಗವೆಲ್ಲವೂ ದೊಡ್ಡ ಹಳಿಯಾಗಿ ಬೆಸೆದು ನಿಂತದ್ದು 2013ರಲ್ಲಿ.

ಗಣಕಯಂತ್ರಗಳ ಮೂಲಕ ದೂರದವರು ಪರಸ್ಪರ ಮುಖವನ್ನು ನೋಡುತ್ತ ಮಾತನಾಡುವ ವಿದ್ಯೆಯು ಪ್ರಚಾರಕ್ಕೆ ಬಂದ ಮೊದಲ ಹತ್ತು ಹದಿನೈದು ವರ್ಷಗಳಲ್ಲಿ ಇದೇ ತೊಡಕು ಬೇರೆಯ ವೇಷದಲ್ಲಿ ಕಾಣಿಸಿಕೊಂಡಿತು. ಇಂದು ಕೈಯಲ್ಲಿನ ಫೋನಿನಲ್ಲಿ ಅಜ್ಜಿಯ ಮುಖವನ್ನು ಕಾಣುವ ವಿದ್ಯಾರ್ಥಿಗಳಿಗೆ ಆ ಕಾಲದ ಕಷ್ಟವು ಕಟ್ಟುಕಥೆಯಂತೆ ತೋರಬಹುದು. ಆದರೆ ತೊಡಕಿನ ಮೂಲವು ಇನ್ನೂ ಅಳಿದಿಲ್ಲವಾದುದರಿಂದ ಅದನ್ನು ಬುಡದಿಂದ ತಿಳಿಯುವುದು ಯುಕ್ತ.

2004ನೆಯ ವರ್ಷದ ಚಿಂತಾಮಣಿಯ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಆಗ ಈ ಊರು ಕೋಲಾರ ಜಿಲ್ಲೆಗೆ ಸೇರಿತ್ತು. ಚಿಕ್ಕಬಳ್ಳಾಪುರವು ಜಿಲ್ಲೆಯಾದದ್ದು 2007ರಲ್ಲಿ. ಮನೆಯ ಯಜಮಾನರು ನಿವೃತ್ತ ಉಪಾಧ್ಯಾಯರು. ಮಗನು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಉದ್ಯೋಗದಲ್ಲಿದ್ದಾನೆ, ಸೊಸೆಗೆ ಹೆರಿಗೆಯಾಗಿ ಮೂರು ತಿಂಗಳಾಗಿದೆ. ಅಜ್ಜಿಗೆ ಮೊಮ್ಮಗಳ ಮುಖವನ್ನು ಕಾಣಬೇಕು. ವಿಮಾನದ ಖರ್ಚು ಎಟುಕದು, ವೀಸಾ ದೊರೆತಿಲ್ಲ. ಅಲ್ಲಿ ಚಳಿಗಾಲದ ರಾತ್ರಿ ಎಂಟು ಗಂಟೆಯಾದಾಗ ಇಲ್ಲಿ ಮರುದಿನದ ಬೆಳಿಗ್ಗೆ ಒಂಬತ್ತೂವರೆ. ಆ ಹೊತ್ತಿಗೆ ಸರಿಯಾಗಿ ದಂಪತಿಗಳು ಪೇಟೆಯ ಸೈಬರ್ ಸೆಂಟರಿಗೆ ಹೋಗಿ ಕುಳಿತುಕೊಳ್ಳುತ್ತಾರೆ. ಅಲ್ಲಿನ ಯಂತ್ರದಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಇದೆ, ಯಾಹೂ ಮೆಸೆಂಜರ್ ಇದೆ. ಮಗನ ಬಳಿ ಇರುವುದು ಆಪಲ್ ಸಂಸ್ಥೆಯ ಮ್ಯಾಕ್. ಅದರೊಳಗಿನ ತಂತ್ರಾಂಶ ಐಚಾಟ್. ಎರಡೂ ಕಡೆ ಕ್ಯಾಮರಾ ಉಂಟು, ಇಂಟರ್ನೆಟ್ ಉಂಟು. ಆದರೂ ಮುಖ ಕಾಣುವುದಿಲ್ಲ. ಅಂಥ ಮನೆಗಳು ಆಗ ನಾಡಿನಲ್ಲಿ ಒಂದೆರಡಲ್ಲ.

ಮುಖವು ಹೇಗೆ ಸಾಗುತ್ತದೆ ಎಂಬುದನ್ನು ಮೊದಲು ನೋಡಬೇಕು. ಕ್ಯಾಮರಾವು ಚಿತ್ರವನ್ನು ಸಣ್ಣ ಚುಕ್ಕೆಗಳಾಗಿ ಒಡೆಯುತ್ತದೆ. ಅಡ್ಡಕ್ಕೆ 320, ಉದ್ದಕ್ಕೆ 240 ಚುಕ್ಕೆಗಳಿರುವ ಒಂದು ಸಾಧಾರಣ ಚಿತ್ರದಲ್ಲಿ ಒಟ್ಟು 76,800 ಚುಕ್ಕೆಗಳು. ಪ್ರತಿಯೊಂದು ಚುಕ್ಕೆಯ ಬಣ್ಣವನ್ನು ತಿಳಿಸಲು 12 ಬಿಟ್ ಎಂದಿಟ್ಟುಕೊಂಡರೆ ಒಂದು ಚಿತ್ರಕ್ಕೆ 9,21,600 ಬಿಟ್‌ಗಳು ಬೇಕು. ಚಿತ್ರವು ಚಲಿಸುವಂತೆ ಕಾಣಬೇಕಾದರೆ ಸೆಕೆಂಡಿಗೆ ಹದಿನೈದು ಚಿತ್ರಗಳಾದರೂ ಇರಬೇಕು. ಆಗ ಮೊತ್ತ 1,38,24,000 ಬಿಟ್. ದೂರವಾಣಿಯ ತಂತಿಗೆ ಜೋಡಿಸುತ್ತಿದ್ದ ಮೋಡೆಮ್ ಎಂಬ ಸಾಧನವು ಅತ್ಯಂತ ಚೆನ್ನಾಗಿ ನಡೆದಾಗಲೂ ಸೆಕೆಂಡಿಗೆ 56,000 ಬಿಟ್‌ಗಳನ್ನಷ್ಟೇ ತರಬಲ್ಲದು. ಎಂದರೆ ಸರಕು ದಾರಿಗಿಂತ ಸುಮಾರು 247 ಪಾಲು ಹೆಚ್ಚು! ಭಾರತ ಸರ್ಕಾರವು 2004ರ ನೀತಿಯಲ್ಲಿ ‘ಬ್ರಾಡ್‌ಬ್ಯಾಂಡ್’ ಎಂದು ಕರೆದದ್ದು ಸೆಕೆಂಡಿಗೆ 2,56,000 ಬಿಟ್‌ಗಳ ವೇಗವನ್ನು. ಅದರಲ್ಲಿಯೂ ಸರಕು 54 ಪಾಲು ಹೆಚ್ಚಾಗಿಯೇ ಉಳಿಯುತ್ತದೆ.

ಆದುದರಿಂದ ಚಿತ್ರವನ್ನು ಹಿಂಡಿ ಕುಗ್ಗಿಸಬೇಕಾಗುತ್ತದೆ. ಇದರ ಉಪಾಯವು ಸೊಗಸಾದುದು. ಅಜ್ಜಿಯ ಹಿಂದಿನ ಗೋಡೆ, ಗೋಡೆಯ ಮೇಲಿನ ಕ್ಯಾಲೆಂಡರು, ಕುರ್ಚಿಯ ಬೆನ್ನು ಇವು ಕ್ಷಣಕ್ಷಣಕ್ಕೂ ಬದಲಾಗುವುದಿಲ್ಲ. ಬದಲಾಗುವುದು ಕಣ್ಣು, ತುಟಿ, ಕೈ. ಹಾಗಾಗಿ ಒಮ್ಮೆ ಪೂರ್ಣ ಚಿತ್ರವನ್ನು ಕಳುಹಿಸಿ, ಅನಂತರ ಬದಲಾದ ಭಾಗವನ್ನು ಮಾತ್ರ ಕಳುಹಿಸುತ್ತಾರೆ. 1996ರಲ್ಲಿ ರೂಪುಗೊಂಡ ಎಚ್.263, 2003ರಲ್ಲಿ ರೂಪುಗೊಂಡ ಎಚ್.264 ಎಂಬ ಕಟ್ಟಳೆಗಳು ಈ ಹಿಂಡುವ ಕ್ರಮವನ್ನು ನಿರೂಪಿಸುತ್ತವೆ. ಇದರಿಂದಾಗಿ ಒಂದು ವಿಪರೀತವೂ ಉಂಟಾಗುತ್ತಿತ್ತು. ಮಗು ನಿದ್ರಿಸುತ್ತಿದ್ದಾಗ ಚಿತ್ರವು ತಿಳಿಯಾಗಿ ಕಾಣುವುದು. ಎದ್ದು ಕೈಕಾಲು ಆಡಿಸತೊಡಗಿದೊಡನೆ ಬದಲಾದ ಭಾಗವು ಹೆಚ್ಚಾಗಿ, ದಾರಿ ಸಾಲದೆ, ಮುಖವೆಲ್ಲ ಚೌಕ ಚೌಕವಾಗಿ ಚೆದರುವುದು. ಯಾವುದನ್ನು ನೋಡಲೆಂದು ಅಜ್ಜಿ ಬಂದು ಕುಳಿತಳೋ ಅದೇ ಕಾಣದೆ ಹೋಗುವುದು.

ಇಷ್ಟಾದರೂ ಇದು ವೇಗದ ಕಥೆಯಾಯಿತೇ ಹೊರತು ಹಳಿಯ ಕಥೆಯಾಗಲಿಲ್ಲ. ಹಿಂಡಿದ ಚಿತ್ರವನ್ನು ಆಚೆಯ ಯಂತ್ರವು ಬಿಡಿಸಬೇಕಾದರೆ ಯಾವ ಕ್ರಮದಲ್ಲಿ ಹಿಂಡಲಾಗಿದೆ, ಕರೆಯನ್ನು ಆರಂಭಿಸುವ ಸಂಜ್ಞೆ ಯಾವುದು, ಮುಗಿಸುವ ಸಂಜ್ಞೆ ಯಾವುದು, ಮಾತು ಯಾವ ದ್ವಾರದಿಂದ ಬರುತ್ತದೆ, ಚಿತ್ರ ಯಾವ ದ್ವಾರದಿಂದ ಬರುತ್ತದೆ ಎಂಬುದೆಲ್ಲವೂ ಮೊದಲೇ ಇಬ್ಬರಿಗೂ ಸಮ್ಮತವಾಗಿರಬೇಕು. ಈ ಒಪ್ಪಂದಕ್ಕೆ ಪ್ರೋಟೋಕಾಲ್ ಎಂದು ಹೆಸರು. ಕನ್ನಡದಲ್ಲಿ ಇದಕ್ಕೆ ‘ಸಮಯ’ ಎಂಬ ಹಳೆಯ ಮಾತೇ ಒಪ್ಪುತ್ತದೆ. ಕವಿಸಮಯವೆಂದರೆ ಕವಿಗಳೆಲ್ಲರೂ ಒಪ್ಪಿಕೊಂಡು ಬಂದ ಕಟ್ಟಳೆ. ಹಂಸವು ನೀರಿನಿಂದ ಹಾಲನ್ನು ಬೇರ್ಪಡಿಸುತ್ತದೆ, ಚಕೋರವು ಬೆಳದಿಂಗಳನ್ನು ಕುಡಿಯುತ್ತದೆ ಎಂದಾಗ ಅದು ನಿಜವೇ ಎಂದು ಯಾರೂ ಕೇಳುವುದಿಲ್ಲ. ಹೇಳುವವನಿಗೂ ಕೇಳುವವನಿಗೂ ಅದು ಸಮ್ಮತವಾಗಿದ್ದರೆ ಸಾಕು. ಯಂತ್ರಗಳ ಸಮಯವೂ ಅಂಥದೇ. ಇಂತಹುದೇ ಆಗಬೇಕೆಂಬ ನಿರ್ಬಂಧವಿಲ್ಲ, ಆದರೆ ಇಬ್ಬರಲ್ಲಿಯೂ ಒಂದೇ ಆಗಿರಬೇಕು.

ಎಲ್ಲರಿಗೂ ತೆರೆದ ಸಮಯಗಳು ಇರಲಿಲ್ಲವೆಂದಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 1996ರಲ್ಲಿಯೇ ಎಚ್.323 ಎಂಬ ಕಟ್ಟಳೆಯನ್ನು ಪ್ರಕಟಿಸಿತು. ಮೈಕ್ರೋಸಾಫ್ಟಿನ ನೆಟ್‌ಮೀಟಿಂಗ್ ಎಂಬ ತಂತ್ರಾಂಶವು ಅದನ್ನು ಅನುಸರಿಸಿತು. ಲಿನಕ್ಸ್ ಯಂತ್ರಗಳಿಗಾಗಿ ರಚಿತವಾದ ಗ್ನೋಮ್‌ಮೀಟಿಂಗ್ ಕೂಡ ಅದನ್ನೇ ಅನುಸರಿಸಿತು. ಹೀಗಾಗಿ ವಿಂಡೋಸಿನವನು ಲಿನಕ್ಸಿನವನ ಮುಖವನ್ನು ಕಾಣಬಹುದಾಗಿತ್ತು. ಆದರೆ ಜನರು ಸೇರಿದ್ದುದು ಆ ಕಡೆಯಲ್ಲ. ಅವರು ಸೇರಿದ್ದು ಎ.ಓ.ಎಲ್. ಸಂಸ್ಥೆಯು 1997ರಲ್ಲಿ ತಂದ ಇನ್‌ಸ್ಟೆಂಟ್ ಮೆಸೆಂಜರ್, ಯಾಹೂ, 1999ರ ಎಂ.ಎಸ್.ಎನ್. ಮೆಸೆಂಜರ್ ಇವುಗಳಲ್ಲಿ. ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ಸಮಯ, ಅದೂ ಗುಟ್ಟಾದುದು.

ಈ ಗುಟ್ಟಿನ ಹಿಂದಿದ್ದ ಮನೋಧರ್ಮವು 1999ರ ಒಂದು ಪ್ರಸಂಗದಲ್ಲಿ ಚೆನ್ನಾಗಿ ವ್ಯಕ್ತವಾಗುತ್ತದೆ. ಆ ವರ್ಷದ ಜುಲೈ ತಿಂಗಳಿನಲ್ಲಿ ಮೈಕ್ರೋಸಾಫ್ಟ್ ತನ್ನ ಮೆಸೆಂಜರಿನಿಂದಲೇ ಎ.ಓ.ಎಲ್. ಬಳಕೆದಾರರೊಡನೆಯೂ ಮಾತನಾಡುವ ಏರ್ಪಾಟನ್ನು ಮಾಡಿತು. ಎ.ಓ.ಎಲ್. ಒಡನೆಯೇ ಬಾಗಿಲನ್ನು ಮುಚ್ಚಿತು. ಮೈಕ್ರೋಸಾಫ್ಟ್ ಬೇರೆ ಕಿಂಡಿಯನ್ನು ಹುಡುಕಿತು, ಅದೂ ಮುಚ್ಚಿತು. ಹೀಗೆ ಹಲವು ಬಾರಿ ನಡೆದು ಕೊನೆಗೆ ಮೈಕ್ರೋಸಾಫ್ಟ್ ಕೈಬಿಟ್ಟಿತು. ಯಂತ್ರಗಳು ಮಾತನಾಡಲಾರದೆ ಇದ್ದವೆಂದಲ್ಲ, ಒಡೆಯರು ಮಾತನಾಡಗೊಡಲಿಲ್ಲವೆಂದು ಹೇಳಬೇಕಾಗುತ್ತದೆ. 2001ರಲ್ಲಿ ಎ.ಓ.ಎಲ್. ಮತ್ತು ಟೈಮ್ ವಾರ್ನರ್ ಸಂಸ್ಥೆಗಳು ಒಂದಾಗುವಾಗ ಅಮೆರಿಕದ ಸಂಪರ್ಕ ಆಯೋಗವು ಮುಖ್ಯವಾದ ಒಂದು ಷರತ್ತನ್ನು ವಿಧಿಸಿತು. ಇತರ ತಂತ್ರಾಂಶಗಳೊಡನೆ ಹೊಂದಿಕೊಳ್ಳುವ ತನಕ ಎ.ಓ.ಎಲ್. ತನ್ನ ಮೆಸೆಂಜರಿನಲ್ಲಿ ದೃಶ್ಯಸಂಭಾಷಣೆಯಂತಹ ಮುಂದುವರಿದ ಸೇವೆಗಳನ್ನು ಕೊಡುವಂತಿಲ್ಲ ಎಂಬುದು ಅದರ ಸಾರ. ಈ ಷರತ್ತನ್ನು 2003ರಲ್ಲಿ ತೆಗೆದುಹಾಕಲಾಯಿತು. ತೆಗೆಯದೆ ಇದ್ದಿದ್ದರೆ ಮುಂದಿನ ಚರಿತ್ರೆ ಬೇರೆಯಾಗುತ್ತಿತ್ತೇನೋ.

ಆದರೂ ಒಂದು ಸೇತುವೆ ಕಟ್ಟಲ್ಪಟ್ಟಿತು. ಆಪಲ್ ಸಂಸ್ಥೆಯ ಐಚಾಟ್ ಮೊದಲಿನಿಂದಲೂ ಎ.ಓ.ಎಲ್.ನ ಬಳಕೆದಾರರ ಪಟ್ಟಿಯನ್ನೇ ಆಶ್ರಯಿಸಿತ್ತು. 2003ರಲ್ಲಿ ಅದಕ್ಕೆ ದೃಶ್ಯಸಂಭಾಷಣೆಯು ಸೇರಿತು; 2004ರ ಫೆಬ್ರವರಿಯಲ್ಲಿ ಐಚಾಟಿನ 2.1ನೆಯ ಆವೃತ್ತಿಯೂ ವಿಂಡೋಸಿಗಾಗಿ ಎ.ಓ.ಎಲ್. ಹೊರತಂದ 5.5ನೆಯ ಆವೃತ್ತಿಯೂ ಪರಸ್ಪರ ಮುಖ ತೋರಿಸತೊಡಗಿದವು. ಮ್ಯಾಕ್ ಮತ್ತು ವಿಂಡೋಸ್ ಎಂಬ ಭೇದವು ಅಲ್ಲಿಗೆ ದಾಟಿದಂತಾಯಿತು. ಮೇಲೆ ಹೇಳಿದ ಚಿಂತಾಮಣಿಯ ದಂಪತಿಗಳಿಗೆ ಇದು ಒಂದು ದಾರಿ: ಯಾಹೂವನ್ನು ಬಿಟ್ಟು ಎ.ಓ.ಎಲ್. ತಂತ್ರಾಂಶವನ್ನು ಹಾಕಿಸಿಕೊಳ್ಳಬೇಕು. ಅದಕ್ಕೆ ಸೈಬರ್ ಸೆಂಟರಿನ ಮಾಲೀಕನ ಅಪ್ಪಣೆ ಬೇಕು. ಅಷ್ಟೆಲ್ಲವೂ ಕೈಗೂಡಿದ ಮೇಲೆ ಅಜ್ಜಿಯ ಬಾಯಿಂದ ಬಂದ ಮಾತು, “ನಮಗೇನೂ ಕಾಣಿಸ್ತಿಲ್ಲವಲ್ಲಪ್ಪ, ನಿನಗೆ ನಾವು ಕಾಣಿಸ್ತೀವಾ?”

ಮಗನಿಗೆ ಕಾಣಿಸುತ್ತಿತ್ತು. ತಾಯಿಗೆ ಕಾಣಿಸುತ್ತಿರಲಿಲ್ಲ. ಇದು ಆ ಕಾಲದ ಸರ್ವಸಾಮಾನ್ಯವಾದ ಗೋಳು. ಇದರ ಕಾರಣವು ಮೆಸೆಂಜರಿನಲ್ಲಿಲ್ಲ, ವಿಳಾಸದಲ್ಲಿದೆ. ಇಂಟರ್ನೆಟ್ಟಿನ ಹಳೆಯ ಕ್ರಮದಲ್ಲಿ ದೊರೆಯುವ ವಿಳಾಸಗಳು ಸುಮಾರು 430 ಕೋಟಿ ಮಾತ್ರ. ಅವು ಎಲ್ಲರಿಗೂ ಸಾಲದೆ ಒಂದು ಮನೆಗೆ ಅಥವಾ ಒಂದು ಅಂಗಡಿಗೆ ಒಂದೇ ವಿಳಾಸವನ್ನು ಕೊಟ್ಟು, ಒಳಗಿನ ಯಂತ್ರಗಳಿಗೆ ರೂಟರ್ ಎಂಬ ಸಾಧನವು ಒಳವಿಳಾಸಗಳನ್ನು ಹಂಚುವ ರೂಢಿ ಬಂದಿತು. ಒಳಗಿನವರು ಹೊರಕ್ಕೆ ಕಳುಹಿಸಿದ್ದು ಸಲೀಸಾಗಿ ಹೋಗುತ್ತದೆ. ಹೊರಗಿನಿಂದ ಕರೆಯದೆ ಬಂದದ್ದು ಯಾರಿಗೆ ಸೇರಬೇಕೆಂದು ರೂಟರಿಗೆ ತಿಳಿಯದು. ಅಂಚೆಯವನು ಬೀದಿಯ ಬಾಗಿಲಿಗೆ ಪತ್ರವನ್ನು ತಂದರೂ ಲಕೋಟೆಯ ಮೇಲೆ ಹೆಸರಿಲ್ಲದಿದ್ದರೆ ವಠಾರದ ಯಾವ ಮನೆಗೆ ಕೊಡಬೇಕು? ರೂಟರು ಅಂತಹುದನ್ನು ಬಿಸಾಡಿಬಿಡುತ್ತದೆ. ಐಚಾಟಿನ ಚಿತ್ರಕ್ಕೆ 16384ರಿಂದ 16403ರ ವರೆಗಿನ ದ್ವಾರಗಳು ತೆರೆದಿರಬೇಕಾಗಿತ್ತು. ಊರಿನ ಸೈಬರ್ ಸೆಂಟರಿನಲ್ಲಿ ಅದನ್ನು ಬಲ್ಲವರು ಯಾರು?

ಈ ಗಂಟನ್ನು ಜಾಣತನದಿಂದ ಬಿಡಿಸಿದುದು 2003ರಲ್ಲಿ ಹೊರಬಂದ ಸ್ಕೈಪ್. ಎರಡೂ ಯಂತ್ರಗಳು ತಾವಾಗಿಯೇ ಹೊರಕ್ಕೆ ಕೈಚಾಚಿ ಮೂರನೆಯ ಯಂತ್ರವೊಂದನ್ನು ಹಿಡಿಯುತ್ತವೆ. ಅದು ಒಬ್ಬರ ಹೊರವಿಳಾಸವನ್ನು ಇನ್ನೊಬ್ಬರಿಗೆ ತಿಳಿಸುತ್ತದೆ. ಅದೂ ಫಲಿಸದಿದ್ದರೆ ತಾನೇ ನಡುವೆ ನಿಂತು ದಾಟಿಸುತ್ತದೆ. ವಿಂಡೋಸಿನಲ್ಲಿ 2006ರ ಆರಂಭಕ್ಕೆ, ಮ್ಯಾಕಿನಲ್ಲಿ ಅದೇ ವರ್ಷದ ಕೊನೆಯ ಭಾಗಕ್ಕೆ, ಲಿನಕ್ಸಿನಲ್ಲಿ 2008ಕ್ಕೆ ಸ್ಕೈಪಿನಲ್ಲಿ ಮುಖ ಕಾಣತೊಡಗಿತು. ನಾಡಿನ ಅದೆಷ್ಟೋ ಮನೆಗಳಲ್ಲಿ ‘ಸ್ಕೈಪಿಗೆ ಬಾ’ ಎಂಬುದೇ ಕ್ರಿಯಾಪದವಾಯಿತು. ಆದರೆ ವಿವೇಚನೆಯಿಂದ ನೋಡಿದರೆ ಸ್ಕೈಪ್ ಎರಡು ಹಳಿಗಳನ್ನು ಬೆಸೆಯಲಿಲ್ಲ, ಎಲ್ಲ ಊರುಗಳಿಗೂ ತನ್ನದೇ ಆದ ಮೂರನೆಯ ಹಳಿಯನ್ನು ಹಾಸಿತು. ಅದರ ಸಮಯವೂ ಗುಟ್ಟಾದುದೇ.

ಹಾಗಾದರೆ ಬಂಗಾರಪೇಟೆಯಲ್ಲಿ ಮೂಟೆ ಹೊತ್ತಂತೆ ನಡುವೆ ನಿಂತು ಸರಕನ್ನು ಬದಲಾಯಿಸಿಕೊಡುವವರು ಯಾರೂ ಇರಲಿಲ್ಲವೇ ಎಂದು ಕೇಳಬಹುದು. ಇದ್ದರು. ಟ್ರಿಲಿಯನ್, ಪಿಡ್ಜಿನ್ ಎಂಬ ತಂತ್ರಾಂಶಗಳು ಹಲವು ಮೆಸೆಂಜರುಗಳ ಸಮಯವನ್ನು ಕಲಿತು ಒಂದೇ ಕಿಟಕಿಯಲ್ಲಿ ಎಲ್ಲರೊಡನೆ ಮಾತನಾಡಿಸುತ್ತಿದ್ದವು. 2006ರಲ್ಲಿ ಯಾಹೂ ಮತ್ತು ಮೈಕ್ರೋಸಾಫ್ಟ್ ತಾವೇ ಒಪ್ಪಂದಕ್ಕೆ ಬಂದು ಬಳಕೆದಾರರು ಆಚೀಚೆ ಬರೆದುಕೊಳ್ಳಲು ಬಿಟ್ಟವು. ಅದು 2012ರ ವರೆಗೆ ನಡೆಯಿತು. ಆದರೆ ಇವುಗಳಲ್ಲಿ ದಾಟುತ್ತಿದ್ದುದು ಬಹುಮಟ್ಟಿಗೆ ಬರಹ. ಬರಹವು ರಾಗಿಯ ಮೂಟೆಯಂತೆ, ಇಳಿಸಿ ಏರಿಸುವುದರಲ್ಲಿ ಅರ್ಧ ಗಳಿಗೆ ಕಳೆದರೂ ಕೆಡುವುದಿಲ್ಲ. ಮಾತೂ ಚಿತ್ರವೂ ಚಿಂತಾಮಣಿಯ ಮಾರುಕಟ್ಟೆಯ ಹಣ್ಣಾದ ಟೊಮೇಟೊದಂತೆ, ಇಳಿಸಿ ಏರಿಸುವಷ್ಟರಲ್ಲಿ ಹದಗೆಡುತ್ತವೆ. ಒಂದು ಕಡೆಯ ಮಾತು ಇನ್ನೊಂದು ಕಡೆಯನ್ನು ಸೆಕೆಂಡಿನ ಏಳನೆಯ ಒಂದು ಪಾಲಿನಷ್ಟರೊಳಗೆ ಮುಟ್ಟಿದರೆ ಸಂಭಾಷಣೆ ಸಹಜವೆನಿಸುತ್ತದೆ. ಅದಕ್ಕಿಂತ ಬಹಳ ತಡವಾದರೆ ಇಬ್ಬರೂ ಒಮ್ಮೆಗೇ ಮಾತನಾಡಿ, ಒಮ್ಮೆಗೇ ಸುಮ್ಮನಾಗುತ್ತಾರೆ.

ಬರಹವೂ ಕನ್ನಡಿಗರ ಪಾಲಿಗೆ ಸುಲಭವಾಗಿರಲಿಲ್ಲ. ಒಂದೊಂದು ಕನ್ನಡ ತಂತ್ರಾಂಶವೂ ಅಕ್ಷರಗಳಿಗೆ ತನ್ನದೇ ಆದ ಸಂಕೇತಗಳನ್ನು ಕೊಟ್ಟಿದ್ದ ಕಾಲದಲ್ಲಿ, ಆಚೆಯ ಯಂತ್ರದಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ಕನ್ನಡವೆಲ್ಲ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣುತ್ತಿತ್ತು. ಯೂನಿಕೋಡ್ ಎಂಬ ಸರ್ವಸಮ್ಮತ ಸಂಕೇತದಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ ಅದು ಮನೆಮನೆಯ ಯಂತ್ರಕ್ಕೆ ಇಳಿಯಲು ಹತ್ತಾರು ವರ್ಷಗಳು ಬೇಕಾದವು. 2001ರ ವಿಂಡೋಸ್ ಎಕ್ಸ್‌ಪಿಯು ತುಂಗಾ ಎಂಬ ಕನ್ನಡ ಫಾಂಟನ್ನು ತಂದರೂ ಮೆಸೆಂಜರಿನಲ್ಲಿ ತಾಯಿ ಮಗನಿಗೆ ‘ಊಟ ಆಯಿತೇ’ ಎಂಬುದನ್ನು ರೋಮನ್ ಅಕ್ಷರಗಳಲ್ಲಿಯೇ ಬರೆಯಬೇಕಾಗಿತ್ತು. ತೆಲುಗೂ ಕನ್ನಡವೂ ಒಂದೇ ಜಗುಲಿಯಲ್ಲಿ ಕುಳಿತು ಮಾತನಾಡುವ ಈ ಊರಿನಲ್ಲಿ, ಕೈವಾರದ ನಾರೇಯಣ ಯತೀಂದ್ರರು ಎರಡು ಭಾಷೆಗಳಲ್ಲಿಯೂ ಹಾಡಿದ ಈ ನೆಲದಲ್ಲಿ, ಎರಡು ಕನ್ನಡಗಳೇ ಒಂದನ್ನೊಂದು ಅರಿಯದೆ ಹೋದದ್ದು ವಿಚಿತ್ರವಲ್ಲವೇ?

ಆ ಕಾಲದ ಪ್ರಮುಖ ತಂತ್ರಾಂಶಗಳಲ್ಲಿ ಹಲವು ಇಂದು ಉಳಿದಿಲ್ಲ. ಎಂ.ಎಸ್.ಎನ್. ಮೆಸೆಂಜರ್ 2013ರಲ್ಲಿ ಚೀನಾದ ಹೊರತು ಎಲ್ಲೆಡೆ ನಿಂತಿತು. ಎ.ಓ.ಎಲ್.ನದು 2017ರ ಡಿಸೆಂಬರ್ 15ರಂದು, ಯಾಹೂವಿನದು 2018ರ ಜುಲೈ 17ರಂದು, ಸ್ಕೈಪ್ 2025ರ ಮೇ 5ರಂದು ಮುಗಿದವು. ಆಪಲ್ ಸಂಸ್ಥೆಯು 2010ರಲ್ಲಿ ಫೇಸ್‌ಟೈಮನ್ನು ತಂದಾಗ ಅದನ್ನು ಎಲ್ಲರಿಗೂ ತೆರೆದ ಕಟ್ಟಳೆಯಾಗಿಸುವುದಾಗಿ ಸ್ಟೀವ್ ಜಾಬ್ಸ್ ಸಾರಿದರು. ಅದು ನೆರವೇರಲಿಲ್ಲ, ಇತರ ಯಂತ್ರದವರು ಕೊಂಡಿಯ ಮೂಲಕ ಅದರೊಳಕ್ಕೆ ಬರಲು ಅವಕಾಶ ದೊರೆತದ್ದು 2021ರಲ್ಲಿ. ಅದೇ ವರ್ಷದ ಜನವರಿಯಲ್ಲಿ ವೆಬ್‌ಆರ್‌ಟಿಸಿ ಎಂಬ ತೆರೆದ ಕಟ್ಟಳೆಯು ವಿಧಿವತ್ತಾಗಿ ಅಂಗೀಕೃತವಾಯಿತು. ಇದರಿಂದ ಬ್ರೌಸರ್ ಇರುವ ಯಾವುದೇ ಯಂತ್ರದಲ್ಲಿ ಬೇರೆ ತಂತ್ರಾಂಶವಿಲ್ಲದೆಯೇ ಮುಖವನ್ನು ಕಾಣಬಹುದು. ಯಂತ್ರಗಳ ನಡುವಣ ಭೇದವು ಹೀಗೆ ಬಹುಮಟ್ಟಿಗೆ ಅಳಿದಿದೆ. ಅಳಿಯದೆ ಇರುವುದು ಒಡೆತನಗಳ ನಡುವಣ ಭೇದ. ಒಂದು ಸಂಸ್ಥೆಯ ತಂತ್ರಾಂಶದಿಂದ ಇನ್ನೊಂದು ಸಂಸ್ಥೆಯ ತಂತ್ರಾಂಶಕ್ಕೆ ನೇರವಾಗಿ ವಿಡಿಯೋ ಕರೆ ಮಾಡುವುದು ಸಾಮಾನ್ಯ ಬಳಕೆದಾರನಿಗೆ ಇಂದಿಗೂ ಸಾಧ್ಯವಾಗಿಲ್ಲ. ಯೂರೋಪಿನ ಒಕ್ಕೂಟವು 2022ರ ತನ್ನ ಕಾನೂನಿನಲ್ಲಿ ದೊಡ್ಡ ಸಂಸ್ಥೆಗಳು ಮೊದಲು ಬರಹಕ್ಕೂ, ನಾಲ್ಕು ವರ್ಷಗಳೊಳಗೆ ದೃಶ್ಯಸಂಭಾಷಣೆಗೂ ಇತರರು ಕೇಳಿದರೆ ಬಾಗಿಲು ತೆರೆಯಬೇಕೆಂದು ವಿಧಿಸಿದೆ. ಆ ಗಡುವು 2027ಕ್ಕೆ ಬರುತ್ತದೆ, ಅದೂ ಯೂರೋಪಿನಲ್ಲಿ ಮಾತ್ರ.

ಚಿಂತಾಮಣಿಯ ಆ ಅಜ್ಜಿಗೆ ಈಗ ಎಂಬತ್ತು ದಾಟಿರಬಹುದು, ಮೊಮ್ಮಗಳು ಕಾಲೇಜು ಸೇರಿರಬಹುದು. ಇಷ್ಟು ವರ್ಷಗಳಲ್ಲಿ ಅಜ್ಜಿ ನಾಲ್ಕೈದು ತಂತ್ರಾಂಶಗಳನ್ನು ಕಲಿತು ಮರೆತಿದ್ದಾಳೆ. ಮಗನು ಹೊಸ ಫೋನನ್ನು ಕೊಂಡಾಗಲೆಲ್ಲ ಮೊದಲು ಕೇಳುವ ಪ್ರಶ್ನೆ ಇಂದಿಗೂ ಒಂದೇ: ಅಮ್ಮನ ಫೋನಿನಲ್ಲಿ ಯಾವುದಿದೆ?