ದೇಶದ ತಂಡ ಗಟ್ಟಿಯೋ, ಕ್ಲಬ್ ತಂಡ ಗಟ್ಟಿಯೋ?

ವರ್ಲ್ಡ್‌ಕಪ್ ಬಂತಂದ್ರ ಹಾಸ್ಟೆಲ್‌ನ್ಯಾಗ ಒಂದು ವಾದ ಶುರುವಾಗೇ ಆಗ್ತದ: "ರಿಯಲ್ ಮ್ಯಾಡ್ರಿಡ್‌ನ ಇದರಾಗ ಆಡಿಸಿದ್ರ ಕಪ್ ಅವರದ ನೋಡಲೇ!" ಹೌದಾ? ಎಂಜಿನಿಯರಿಂಗ್ ಓದುವವರ ಹಾಗೆ ನೋಡೋಣ. ಮೊದಲು ಅಳತೆ, ಆಮೇಲೆ ಕಾರಣ.

ಅಳೆಯೋದು ಹೇಗೆ?

ದೇಶಗಳ ರ‍್ಯಾಂಕಿಂಗ್‌ಗೆ ಫಿಫಾ 2018ರಿಂದ ಬಳಸುತ್ತಿರುವುದು ಎಲೋ ಪದ್ಧತಿ. ಚೆಸ್ ಆಟಗಾರರಿಗಾಗಿ ಇದನ್ನು ರೂಪಿಸಿದವರು ಭೌತಶಾಸ್ತ್ರದ ಪ್ರಾಧ್ಯಾಪಕ ಅರ್ಪಾದ್ ಎಲೋ. ಗೆಲುವಿಗೆ 1, ಡ್ರಾಗೆ 0.5, ಸೋಲಿಗೆ 0. ಫಿಫಾ ಸೂತ್ರದ ಪ್ರಕಾರ, ಎದುರಾಳಿಗಿಂತ 200 ಅಂಕ ಹೆಚ್ಚಿರುವ ತಂಡದಿಂದ ನಿರೀಕ್ಷಿಸುವ ಫಲ ಸುಮಾರು 0.68. ನಿರೀಕ್ಷೆ ಮೀರಿ ಆಡಿದರೆ ಅಂಕ ಏರುತ್ತೆ, ಇಲ್ಲದಿದ್ದರೆ ಇಳಿಯುತ್ತೆ.

ಕ್ಲಬ್‌ಗಳಿಗೂ ಇಂಥ ಪಟ್ಟಿ ಮಾಡುವವರಿದ್ದಾರೆ. ಹಾಗಾದ್ರೆ ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟರೆ ಮುಗೀತಲ್ಲ? ಮುಗಿಯಲ್ಲ. ಎಲೋ ಅಂಕ ಹುಟ್ಟೋದೇ ಪರಸ್ಪರ ಆಡಿದ ಪಂದ್ಯಗಳಿಂದ. ದೇಶಗಳು ದೇಶಗಳ ಜೊತೆ, ಕ್ಲಬ್‌ಗಳು ಕ್ಲಬ್‌ಗಳ ಜೊತೆ ಆಡುತ್ತವೆ. ಕಾಮನ್ ಗ್ರೌಂಡ್ ಇಲ್ಲದ ಎರಡು ಸರ್ಕ್ಯೂಟ್‌ಗಳ ವೋಲ್ಟೇಜ್ ಹೋಲಿಸಿದಂತಾಗುತ್ತೆ ಅಷ್ಟೇ.

ಎರಡೂ ಕಡೆ ಆಡಿದವರು

ಪಂದ್ಯಗಳು ಬೇರೆಯಾದರೂ ಆಟಗಾರರು ಅವರೇ. 2010ರ ವರ್ಲ್ಡ್‌ಕಪ್ ಫೈನಲ್‌ಗೆ ಸ್ಪೇನ್ ಇಳಿಸಿದ ಹನ್ನೊಂದು ಮಂದಿಯಲ್ಲಿ ಆರು ಜನ ಆ ಸೀಸನ್ ಬಾರ್ಸಿಲೋನಾಕ್ಕೆ ಆಡಿದವರು. ಸ್ಪೇನ್ ಕಪ್ ಗೆದ್ದದ್ದು 7 ಪಂದ್ಯಗಳಲ್ಲಿ 8 ಗೋಲು ಹೊಡೆದು. ಅದೇ ಸೀಸನ್ ಬಾರ್ಸಿಲೋನಾ ಲೀಗ್‌ನ 38 ಪಂದ್ಯಗಳಲ್ಲಿ ಹೊಡೆದದ್ದು 98. ಎದುರಾಳಿಗಳು ಬೇರೆ, ಒಪ್ಪೋಣ. ಆದರೆ ಬಾರ್ಸಿಲೋನಾದಲ್ಲಿ ಮೆಸ್ಸಿ ಇದ್ದರು, ಸ್ಪೇನ್‌ನಲ್ಲಿ ಇರಲಿಲ್ಲ. ಇರೋಕೂ ಸಾಧ್ಯವಿರಲಿಲ್ಲ, ಅವರು ಅರ್ಜೆಂಟೀನಾದವರು.

ನಮ್ಮ ಕಡೆಯ ಉದಾಹರಣೆ ಸುನಿಲ್ ಛೆಟ್ರಿ. 2015ರ ಜೂನ್‌ನಲ್ಲಿ ವರ್ಲ್ಡ್‌ಕಪ್ ಅರ್ಹತಾ ಸುತ್ತಿನಲ್ಲಿ ಭಾರತ ಪುಟ್ಟ ದ್ವೀಪ ಗುವಾಮ್ ಎದುರು 1-2ರಿಂದ ಸೋತಿತು. ಆ ಒಂದು ಗೋಲು ಛೆಟ್ರಿಯದು. ಐದು ತಂಡಗಳ ಗುಂಪಿನಲ್ಲಿ ಭಾರತ ಕೊನೆಯ ಸ್ಥಾನಕ್ಕೆ ಕುಸಿಯಿತು. ಮರುವರ್ಷ ಅಕ್ಟೋಬರ್‌ನಲ್ಲಿ ಬೆಂಗಳೂರು ಎಫ್‌ಸಿ ಕಂಠೀರವದಲ್ಲಿ ಮಲೇಷ್ಯಾದ ಜೋಹೋರ್ ತಂಡವನ್ನು 3-1ರಿಂದ ಮಣಿಸಿ ಎಎಫ್‌ಸಿ ಕಪ್ ಫೈನಲ್ ತಲುಪಿತು. ಭಾರತದ ಕ್ಲಬ್ ಒಂದು ಅಲ್ಲಿಗೆ ಹೋದದ್ದು ಅದೇ ಮೊದಲು. ಎರಡು ಗೋಲು ಛೆಟ್ರಿಯವು, ಮೂರನೆಯದು ಸ್ಪೇನ್‌ನ ಡಿಫೆಂಡರ್ ಹುವಾನನ್ ಅವರದು.

ಎಎಫ್‌ಸಿ ಕಪ್ ಆಗ ಏಷ್ಯಾದ ಎರಡನೇ ದರ್ಜೆಯ ಟೂರ್ನಿಯಾಗಿತ್ತು, ಭಾರತದ ಗುಂಪಿನಲ್ಲಿ ಇದ್ದದ್ದು ಇರಾನ್‌ನಂಥ ತಂಡ. ಹಾಗಾಗಿ ಕ್ಲಬ್ಬೇ ಮೇಲು ಅಂತ ಇದರಿಂದ ಸಾಬೀತಾಗಲ್ಲ. ಆದರೆ ಕಾರಣ ಕಾಣುತ್ತೆ. ಕ್ಲಬ್‌ಗೆ ಹೆಚ್ಚುಕಡಿಮೆ ದಿನಾ ಅಭ್ಯಾಸ. ದೇಶದ ತಂಡಕ್ಕೆ ವರ್ಷದಲ್ಲಿ ಕೆಲವೇ ಸಲ, ಒಮ್ಮೆಗೆ ಹತ್ತು ದಿನದ ಆಸುಪಾಸು. ಕ್ಲಬ್‌ಗೆ ಡಿಫೆಂಡರ್ ಬೇಕಾದರೆ ಸ್ಪೇನ್‌ನಿಂದ ಕರೆಸಬಹುದು, ದೇಶ ಕರೆಸುವಂತಿಲ್ಲ. ಹೊಂದಾಣಿಕೆಯ ಆಟದಲ್ಲಿ ಟಾಪ್ ಕ್ಲಬ್ಬೇ ಮುಂದೆ ಅನ್ನೋದು ನನ್ನ ಅಭಿಪ್ರಾಯ.

ಕೊಳ್ಳೋದು, ಬೆಳೆಸೋದು

ಕ್ಲಬ್ ಕೊಳ್ಳಬಹುದು, ದೇಶ ಬೆಳೆಸಲೇಬೇಕು. ಕ್ಲಬ್‌ನ ಬಲ ಅದರ ಬಜೆಟ್‌ನಲ್ಲಿದ್ದರೆ, ದೇಶದ ಬಲ ಅದರ ಸಣ್ಣ ಊರುಗಳಲ್ಲಿದೆ. ಕ್ರಿಕೆಟ್‌ನಲ್ಲಿ ನಮ್ಮ ಗದುಗಿನ ಸುನಿಲ್ ಜೋಶಿ ಹುಡುಗರಾಗಿದ್ದಾಗ ಬೆಳಿಗ್ಗೆ ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆ ಹೊತ್ತಿಗೆ ವಾಪಸ್ ಬರುತ್ತಿದ್ದರು. 1996ರಲ್ಲಿ ಭಾರತಕ್ಕೆ ಟೆಸ್ಟ್ ಆಡಿದರು. ಅವರ ಛಲ ದೊಡ್ಡದು. ಆದರೆ ಅಷ್ಟು ದೂರ ಹೋಗಲಾಗದೆ ಆಟ ಬಿಟ್ಟವರ ಲೆಕ್ಕ ಯಾವ ರ‍್ಯಾಂಕಿಂಗ್‌ನಲ್ಲೂ ಸಿಗಲ್ಲ.

ಒಂದು ದಿನದ ಟ್ರಯಲ್ಸ್‌ನಲ್ಲಿ ಹುಡುಗನ ಓಟ ಕಾಣುತ್ತೆ, ಆಟ ಕಾಣಲ್ಲ. ಗದಗ, ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ: ಐದು ತಂಡ. ಪ್ರತಿ ಜೋಡಿ ತನ್ನೂರಲ್ಲೊಮ್ಮೆ, ಎದುರಾಳಿಯ ಊರಲ್ಲೊಮ್ಮೆ ಆಡಿದರೆ ಒಟ್ಟು 20 ಪಂದ್ಯ, ತಂಡಕ್ಕೆ 8. ಇಷ್ಟು ಆಡಿದರೆ ಎಲೋ ಪಟ್ಟಿಯನ್ನೂ ನಾವೇ ಶುರು ಮಾಡಬಹುದು. ಕೋಡ್ ಬರೆಯೋರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಬೇಕಾಗಿರೋದು ಐದು ಮೈದಾನ, ಒಂದಿಷ್ಟು ಚೆಂಡು, ವರ್ಷಪೂರ್ತಿ ಆಡಿಸುವ ಮನಸ್ಸು.