ಮಗುವಿನ ತುತ್ತೂ ಅಮಾನತ್ತೇ

ಝಕಾತ್ ವಸೂಲಿಗೆ ಹೋಗಿ ಬಂದ ಒಬ್ಬ ಅಧಿಕಾರಿ, ತಂದುದರಲ್ಲಿ ಒಂದು ಪಾಲು ತನಗೆ ಸಿಕ್ಕಿದ ಉಡುಗೊರೆ ಎಂದ. ಪ್ರವಾದಿವರ್ಯರು(ಸ) ಕೋಪಗೊಂಡರು. ಹೆತ್ತವರ ಮನೆಯಲ್ಲೇ ಕುಳಿತಿದ್ದರೆ ಅದು ಅವನಿಗೆ ಬರುತ್ತಿತ್ತೇ ಎಂದು ಕೇಳಿದರು. ಬುಖಾರಿ ಮತ್ತು ಮುಸ್ಲಿಮ್‌ನಲ್ಲಿ ಈ ಘಟನೆ ವರದಿಯಾಗಿದೆ.

ಇದೇ ಪ್ರಶ್ನೆಯನ್ನು ಅಂಗನವಾಡಿಯ ಆಹಾರದ ಬಗ್ಗೆಯೂ ಕೇಳೋಣ. 1975ರ ಅಕ್ಟೋಬರ್ 2ರಂದು ಆರಂಭವಾದ ಈ ಯೋಜನೆಯ ಆಹಾರ ಪುಟ್ಟ ಮಕ್ಕಳ, ಗರ್ಭಿಣಿಯರ, ಬಾಣಂತಿಯರ ಹಕ್ಕೆಂದು 2013ರ ಆಹಾರ ಭದ್ರತಾ ಕಾಯ್ದೆ ಸಾರಿದೆ. ಬಾರದ ಮಗುವಿಗೆ ಹಾಜರಿ ಹಾಕಿ ಉಳಿಸಿದ ಮೊಟ್ಟೆ, ತೂಕ ಕಡಿಮೆ ಮಾಡಿದ ಪೊಟ್ಟಣ ಇತ್ಯಾದಿಗಳು, ಮಗುವಿನ ಹೆಸರು ಪುಸ್ತಕದಲ್ಲಿರದಿದ್ದರೆ ಯಾರ ಮನೆಗಾದರೂ ಬರುತ್ತಿದ್ದವೇ? ಅಳತೆಯಲ್ಲಿ ಕಡಿತ ಮಾಡುವವರಿಗೆ ಅಲ್ ಮುತಫ್ಫಿಫೀನ್ ಅಧ್ಯಾಯ ವಿನಾಶದ ಎಚ್ಚರಿಕೆ ಕೊಟ್ಟಿದೆ.

ತಪ್ಪು ಕೊಡುವವರದು ಮಾತ್ರವಲ್ಲ. ಸಿಕ್ಕಿದ್ದು ಒಂದು, ಸಹಿ ಹಾಕಿದ್ದು ಎರಡಕ್ಕೆ ಎಂದಾದರೆ ಆ ಸಹಿ ಸುಳ್ಳು ಸಾಕ್ಷ್ಯ. ಕತಗಾಲದಂತಹ ಊರಿನಲ್ಲಿ ಎಲ್ಲರೂ ಪರಿಚಿತರೇ. "ನಮ್ಮವರನ್ನು ಹೇಗೆ ಕೇಳುವುದು?" ಎಂಬ ದಾಕ್ಷಿಣ್ಯ ಸಹಜ. ಆದರೆ ಆಪ್ತರ ವಿರುದ್ಧವಾದರೂ ನ್ಯಾಯದ ಸಾಕ್ಷಿಗಳಾಗಬೇಕೆಂಬುದು ಅನ್ನಿಸಾ ಅಧ್ಯಾಯದ (4:135) ಆದೇಶ.

2025ರಿಂದ ಮನೆಗೆ ಒಯ್ಯುವ ಆಹಾರಕ್ಕೆ ಮುಖಚಹರೆಯ ಪರೀಕ್ಷೆ ಬಂದಿದೆ. ಯಂತ್ರವು ಮುಖವನ್ನು ಗುರುತಿಸೀತು, ಪೊಟ್ಟಣದ ತೂಕವನ್ನಲ್ಲ. ಆದುದರಿಂದ ಸಹೋದರಿಯರೇ, ಎಣಿಸಿ, ತೂಗಿ, ಆಮೇಲೆ ಸಹಿ ಹಾಕಿ. ಬಾಲವಿಕಾಸ ಸಮಿತಿಯ ಸಭೆಗೆ ಹೋಗಿ. ಹಾಗೆಂದು ಬರಿಯ ಗುಮಾನಿಯಿಂದ ಯಾರ ಮಾನವನ್ನೂ ಕಳೆಯಬೇಡಿ. ಸಾಮಗ್ರಿ ಮೇಲಿನಿಂದಲೇ ಕಡಿಮೆ ಬಂದಿರಬಹುದು. ಮೊದಲು ಕಾರ್ಯಕರ್ತೆಯನ್ನು ವಿಚಾರಿಸಿ. ಸರಿಯಾದ ಉತ್ತರ ಸಿಗದಿದ್ದರೆ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಬರೆಯಿರಿ.

ಹಸಿದ ಮಗುವಿಗೆ ಲೆಕ್ಕ ಕೇಳಲು ಬಾರದು. ನಾಳೆ ಅದರ ಪರವಾಗಿ ಕೇಳುವವನು ಅಲ್ಲಾಹನು.